ನಿರ್ದಿಷ್ಟ ವೇಗದಲ್ಲಿ ಕಾರು ಜಗ್ಗುತ್ತಿದ್ದರೆ: ಬಿಡಿಭಾಗ ಬದಲಿಸುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಮೂಲ್ಕಿ ದಾಟಿ ಪಡುಬಿದ್ರಿಯ ಕಡೆಗೆ ಹೋಗುವಾಗ ರಾಷ್ಟ್ರೀಯ ಹೆದ್ದಾರಿ 66ರ ಸಮತಟ್ಟಾದ ರಸ್ತೆಯಲ್ಲಿ, ನಾಲ್ಕನೆಯ ಗೇರಿನಲ್ಲಿ, ಗಂಟೆಗೆ 60 ಕಿ.ಮೀ. ಆಸುಪಾಸಿನ ವೇಗದಲ್ಲಿ, ಎಕ್ಸಲರೇಟರ್ ಮೇಲಿನ ಪಾದವನ್ನು ಅಲುಗಿಸದೆ ಇಟ್ಟಿದ್ದರೂ ನನ್ನ 2014ರ ಪೆಟ್ರೋಲ್ ಕಾರು ಹಿಂದಿನಿಂದ ಯಾರೋ ತಳ್ಳಿದಂತೆ ಒಮ್ಮೆ ಮುಂದಕ್ಕೆ ನುಗ್ಗುತ್ತಿತ್ತು, ಮರುಕ್ಷಣವೇ ಹಗ್ಗ ಹಾಕಿ ಎಳೆದಂತೆ ಹಿಂಜರಿಯುತ್ತಿತ್ತು. ಗ್ಯಾರೇಜಿನಲ್ಲಿ ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿದರು, ಜಗ್ಗಾಟ ನಿಲ್ಲಲಿಲ್ಲ. ಆಮೇಲೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪನ್ನೇ ಬದಲಿಸಿದರು, ಆಗಲೂ ನಿಲ್ಲಲಿಲ್ಲ. ಕೊನೆಗೆ ದೋಷ ಸಿಕ್ಕಿದ್ದು ಎಂಜಿನ್ನಿಗೆ ಹೋಗುವ ಗಾಳಿಯನ್ನು ಹದಗೊಳಿಸುವ ಥ್ರಾಟಲ್ ಬಾಡಿಯ ಬದಿಯಲ್ಲಿ ಎರಡು ಸ್ಕ್ರೂಗಳಿಂದ ಕೂರಿಸಿದ, ಬೆಂಕಿಪೆಟ್ಟಿಗೆಗಿಂತ ಸಣ್ಣದಾದ ಒಂದು ಸೆನ್ಸರ್‌ನಲ್ಲಿ. ಪಂಪಿನಲ್ಲಿ ದೋಷವಿಲ್ಲ ಎಂಬುದು ಇಂದ್ರಾಳಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿದ್ದರೆ ಖರ್ಚಿಲ್ಲದೆ ಗೊತ್ತಾಗುತ್ತಿತ್ತು. ಏರಿನಲ್ಲಿ ಕಾರು ಒಂದು ದಿನವೂ ಜಗ್ಗಿರಲಿಲ್ಲ, ಆದರೆ ಅದನ್ನು ನಾನು ಹೇಳಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ.

ಈ ಬರಹದ ಉದ್ದೇಶ ಅಂತಹ ಅನಗತ್ಯ ಖರ್ಚನ್ನು ತಪ್ಪಿಸುವುದು. "60ರಲ್ಲಿ ಜಗ್ಗುತ್ತದೆ" ಎಂಬ ಒಂದು ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ: ಚಕ್ರಗಳ ವೇಗ, ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬುದು), ಎಕ್ಸಲರೇಟರ್ ಎಷ್ಟು ಒತ್ತಿದೆ ಎಂಬುದು ಮತ್ತು ಎಂಜಿನ್ ಎಷ್ಟು ಭಾರ ಎಳೆಯುತ್ತಿದೆ ಎಂಬುದು. ಜಗ್ಗಾಟ ಇವುಗಳಲ್ಲಿ ಯಾವುದರ ಜೊತೆ ಬರುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ ಸಂದೇಹಕ್ಕೆ ಒಳಗಾಗುವ ಭಾಗಗಳು ಎರಡೋ ಮೂರೋ ಮಾತ್ರ ಉಳಿಯುತ್ತವೆ.

ರಸ್ತೆಯಲ್ಲಿ ಮಾಡುವ ಪರೀಕ್ಷೆ

ಜೊತೆಗೆ ಇನ್ನೊಬ್ಬರನ್ನು ಕೂರಿಸಿಕೊಂಡು ಹೋಗಬೇಕು. ಓಡಿಸುವವರು ರಸ್ತೆಯನ್ನು ಮಾತ್ರ ನೋಡಬೇಕು, ಮೀಟರ್ ನೋಡುವುದೂ ಬರೆದುಕೊಳ್ಳುವುದೂ ಪಕ್ಕದವರ ಕೆಲಸ. ವಾಹನ ಕಡಿಮೆ ಇರುವ ಮುಂಜಾನೆಯ ಹೊತ್ತು ಒಳ್ಳೆಯದು, ಮಳೆ ಸುರಿಯುತ್ತಿರುವಾಗ ಬೇಡ.

ಮೊದಲು ಎಸಿಯನ್ನು ಆರಿಸಿ ನೋಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ವರ್ಷದ ಹೆಚ್ಚಿನ ದಿನ ಎಸಿ ಓಡುತ್ತಲೇ ಇರುವುದರಿಂದ ಅದರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಕಂಪ್ರೆಸರ್‌ನ ಕ್ಲಚ್ ಸೇರಿದಾಗ ಎಂಜಿನ್ನಿಗೆ ಹೊರೆ ಬೀಳುತ್ತದೆ, ಬಿಟ್ಟಾಗ ಹಗುರವಾಗುತ್ತದೆ. ಸಣ್ಣ ಎಂಜಿನ್ನಿನ ಕಾರಿನಲ್ಲಿ ಇದು ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ಗ್ಯಾಸ್ ಕಡಿಮೆಯಾಗಿದ್ದರೆ ಕ್ಲಚ್ ಕೆಲವೇ ಸೆಕೆಂಡುಗಳಿಗೊಮ್ಮೆ ಸೇರಿ ಬಿಡುತ್ತಿರುತ್ತದೆ. ಎಸಿ ಆರಿಸಿದೊಡನೆ ಜಗ್ಗಾಟ ಪೂರ್ತಿಯಾಗಿ ನಿಂತರೆ ಕಾರನ್ನು ಎಸಿ ಕೆಲಸದವರ ಬಳಿಗೆ ಒಯ್ಯಬೇಕು. ಸಿಎನ್‌ಜಿ ಕಾರಾಗಿದ್ದರೆ ಪೆಟ್ರೋಲಿಗೆ ಬದಲಾಯಿಸಿ ಅದೇ ರಸ್ತೆಯಲ್ಲಿ ಓಡಿಸಿರಿ. ಒಂದು ಇಂಧನದಲ್ಲಿ ಮಾತ್ರ ಜಗ್ಗಿದರೆ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯಿತು.

ಇನ್ನು ಮುಖ್ಯವಾದದ್ದು ಗೇರಿನ ಪರೀಕ್ಷೆ. ನಾಲ್ಕನೆಯ ಗೇರಿನಲ್ಲಿ 60 ಕಿ.ಮೀ. ವೇಗದಲ್ಲಿ ಜಗ್ಗುತ್ತದೆ, ಆಗ ಆರ್‌ಪಿಎಂ 2,200 ಇದೆ ಎಂದಿಟ್ಟುಕೊಳ್ಳೋಣ. ಈಗ ಮೂರನೆಯ ಗೇರಿಗೆ ಇಳಿಸಿ ಅದೇ 2,200 ಬರುವಂತೆ, ಅಂದರೆ ಸುಮಾರು 45 ಕಿ.ಮೀ. ವೇಗದಲ್ಲಿ ಓಡಿಸಬೇಕು, ಬಳಿಕ ಮೂರನೆಯ ಗೇರಿನಲ್ಲಿಯೇ 60ಕ್ಕೆ ಏರಿಸಿ ನೋಡಬೇಕು. 45ರಲ್ಲಿ ಜಗ್ಗಿ 60ರಲ್ಲಿ ಸುಮ್ಮನಿದ್ದರೆ ದೋಷ ಎಂಜಿನ್ನಿನದು. ಗೇರ್ ಯಾವುದಾದರೂ 60ರಲ್ಲಿಯೇ ಬರುತ್ತದೆ ಎಂದಾದರೆ ಎಂಜಿನ್ನನ್ನು ಸದ್ಯಕ್ಕೆ ಬಿಟ್ಟು ಟೈರ್, ಚಕ್ರದ ಬ್ಯಾಲೆನ್ಸ್, ಡ್ರೈವ್ ಶಾಫ್ಟ್, ಎಂಜಿನ್ ಮೌಂಟಿಂಗ್ ಇವುಗಳ ಕಡೆ ನೋಡಬೇಕು. ಚಕ್ರದ ದೋಷ ಸಾಮಾನ್ಯವಾಗಿ ನಡುಕವಾಗಿ ಕೈಗೆ ತಾಗುತ್ತದೆ. ಎಂಜಿನ್ನಿನ ದೋಷ ಬೆನ್ನಿಗೆ ತಾಗುತ್ತದೆ, ಸೀಟು ಮುಂದೆ ಹಿಂದೆ ತೂಗಿದಂತೆ.

ಆಮೇಲೆ ಏರು. ಉಡುಪಿಯವರಿಗೆ ಇಂದ್ರಾಳಿ ದಾಟಿ ಮಣಿಪಾಲಕ್ಕೆ ಹತ್ತುವ ರಸ್ತೆಯೂ, ಮಂಗಳೂರಿನವರಿಗೆ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಹತ್ತುವ ರಸ್ತೆಯೂ ಇದಕ್ಕೆ ಸಾಕು. ಶಿರಾಡಿ, ಆಗುಂಬೆಯ ಘಾಟಿಗಳವರೆಗೆ ಹೋಗುವ ಅಗತ್ಯವಿಲ್ಲ. ಏರಿನಲ್ಲಿ ಎಂಜಿನ್ನಿಗೆ ಇಂಧನ ಹೆಚ್ಚು ಬೇಕಾಗುತ್ತದೆ. ಫಿಲ್ಟರ್ ಕಟ್ಟಿಕೊಂಡಿದ್ದರೆ ಅಥವಾ ಪಂಪ್ ಸೋತಿದ್ದರೆ ಸಮತಟ್ಟಿನಲ್ಲಿ ಹೇಗೋ ನಡೆಯುವ ಕಾರು ಏರಿನಲ್ಲಿ ಇನ್ನಷ್ಟು ಜಗ್ಗಬೇಕು, ಎಳೆಯುವ ಶಕ್ತಿ ಕಳೆದುಕೊಳ್ಳಬೇಕು. ಪ್ಲಗ್ ಮತ್ತು ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್‌ಗಳ ದೋಷವೂ ಹೊರೆ ಬಿದ್ದಾಗಲೇ ಹೆಚ್ಚು ಕಾಣಿಸುತ್ತದೆ. ಅದಕ್ಕೆ ಬದಲಾಗಿ ಸಮತಟ್ಟಿನಲ್ಲಿ ಜಗ್ಗಿ ಏರಿನಲ್ಲಿ ಸರಿಯಾಗಿ ಎಳೆಯುವ ಕಾರಿನಲ್ಲಿ, ಎಕ್ಸಲರೇಟರ್ ಸ್ವಲ್ಪವೇ ಒತ್ತಿದ ಸ್ಥಿತಿಗೆ ಸಂಬಂಧಿಸಿದ ಭಾಗಗಳನ್ನು, ಅಂದರೆ ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಥ್ರಾಟಲ್ ಪೊಸಿಷನ್ ಸೆನ್ಸರ್, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್, ಗಾಳಿ ಸೋರಿಕೆ ಇವುಗಳನ್ನು ಸಂಶಯಿಸಬೇಕು.

ಇಷ್ಟರ ಜೊತೆಗೆ ಎಂಜಿನ್ ತಣ್ಣಗಿರುವಾಗ ಬರುತ್ತದೆಯೆ ಅಥವಾ ಬಿಸಿಯಾದ ಮೇಲೆ ಬರುತ್ತದೆಯೆ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಮಳೆ ಬಂದ ದಿನ ಹೆಚ್ಚೋ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಗೇರ್‌ಬಾಕ್ಸ್ ಮತ್ತು ಕ್ಲಚ್

ಮ್ಯಾನ್ಯುವಲ್ ಗೇರಿನ ಕಾರಿನಲ್ಲಿ ಕ್ಲಚ್ ಸರಿಯಾಗಿ ಹಿಡಿದಿದ್ದರೆ ಆರ್‌ಪಿಎಂ ಮುಳ್ಳೂ ವೇಗದ ಮುಳ್ಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಆರ್‌ಪಿಎಂ ಮಾತ್ರ ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದು ಅರ್ಥ.

ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಕಾರುಗಳಲ್ಲಿ ಒಂದು ವಿಶೇಷವಿದೆ. ಒಂದು ವೇಗ ಮುಟ್ಟಿ ಹಗುರವಾಗಿ ಓಡುತ್ತಿರುವಾಗ ಕನ್ವರ್ಟರ್‌ನೊಳಗಿನ ಲಾಕ್‌ಅಪ್ ಕ್ಲಚ್ ಸೇರಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುತ್ತದೆ. ಅದು ಸವೆದಿದ್ದರೆ ಅಥವಾ ಗೇರ್ ಎಣ್ಣೆ ಹಳತಾಗಿದ್ದರೆ ಸೇರುವುದು ಬಿಡುವುದು ನಡೆದು ಎಂಜಿನ್ನೇ ಜಗ್ಗಿದಂತೆ ತೋರುತ್ತದೆ. ಹಿಂದೆ ವಾಹನವಿಲ್ಲದಾಗ, ಎಕ್ಸಲರೇಟರ್ ಬಿಡದೆ, ಬ್ರೇಕ್ ದೀಪ ಹೊತ್ತುವಷ್ಟು ಮಾತ್ರ ಪೆಡಲನ್ನು ತಾಗಿಸಿದರೆ ಬಹಳಷ್ಟು ಕಾರುಗಳಲ್ಲಿ ಲಾಕ್‌ಅಪ್ ಬಿಟ್ಟುಕೊಳ್ಳುತ್ತದೆ. ಆ ಕ್ಷಣವೇ ಜಗ್ಗಾಟ ನಿಂತರೆ ಎಂಜಿನ್ ಬಿಚ್ಚಿಸುವ ಮೊದಲು ಗೇರ್ ಎಣ್ಣೆಯ ಪರೀಕ್ಷೆ ಮಾಡಿಸಿರಿ. ಎಎಂಟಿ (ಕ್ಲಚ್ ಮತ್ತು ಗೇರನ್ನು ಯಂತ್ರವೇ ನಡೆಸುವ ಮ್ಯಾನ್ಯುವಲ್) ಗೇರ್‌ಬಾಕ್ಸಿನಲ್ಲಿ ಟಾರ್ಕ್ ಕನ್ವರ್ಟರ್ ಇರುವುದಿಲ್ಲವಾದ್ದರಿಂದ ಈ ಪರೀಕ್ಷೆ ಅಲ್ಲಿ ಅನ್ವಯಿಸುವುದಿಲ್ಲ.

ಬಾನೆಟ್ ಎತ್ತಿದ ಮೇಲೆ

ಎಂಜಿನ್ ಓಡುತ್ತಿರುವಾಗ ಲುಂಗಿ, ಶಾಲು, ಸಡಿಲ ತೋಳು ಬೆಲ್ಟಿನ ಹತ್ತಿರ ಸುಳಿಯಬಾರದು. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಬೇಕು.

ಮೊದಲು ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆರೆಯಿರಿ. ಮಳೆಗಾಲದಲ್ಲಿ ಹಲಸಿನ ಮರದಡಿ ನಿಲ್ಲಿಸಿದ ಕಾರುಗಳ ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿರುವುದನ್ನು ನಾನೇ ಎರಡು ಸಲ ಕಂಡಿದ್ದೇನೆ. ಇಲಿ ಬಂದಿದೆ ಎಂದಾದರೆ ಅದರ ಹಲ್ಲಿಗೆ ಸಿಕ್ಕಿದ ವೈರ್‌ಗಳನ್ನೂ ತೆಳುವಾದ ರಬ್ಬರ್ ಹೋಸ್‌ಗಳನ್ನೂ ಒಂದೊಂದಾಗಿ ಬೆರಳಿಂದ ಸವರಿ ನೋಡಬೇಕು.

ಸಮುದ್ರದ ಉಪ್ಪುಗಾಳಿ ನಮ್ಮ ಊರಿನ ಕಾರುಗಳಿಗೆ ಕೊಡುವ ಕಾಟವನ್ನು ಬೇರೆ ಊರಿನಲ್ಲಿ ತಯಾರಾದ ಸಲಹೆಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸೆನ್ಸರ್‌ಗಳ ಸಾಕೆಟ್ಟನ್ನು ಇಗ್ನಿಷನ್ ಆರಿಸಿ ಬಿಚ್ಚಿ ನೋಡಿದರೆ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಹಿಡಿದಿರುವುದುಂಟು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಹೊರಗೆ ಸರಿಯಿದ್ದಂತೆ ಕಂಡು ಬೋಲ್ಟಿನಡಿ ತುಕ್ಕಾಗಿರುತ್ತದೆ. ಅರ್ತ್ ಸರಿಯಿಲ್ಲದಿದ್ದರೆ ಎಲ್ಲ ಸೆನ್ಸರ್‌ಗಳ ಲೆಕ್ಕವೂ ತಪ್ಪುತ್ತದೆ. ಎಂಜಿನ್ ಓಡುತ್ತಿದ್ದು ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿರುವಾಗ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಇಟ್ಟರೆ 0.2 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಹೆಚ್ಚು ತೋರಿಸಿದರೆ ಬೋಲ್ಟ್ ಬಿಚ್ಚಿ, ಉಜ್ಜಿ, ಮತ್ತೆ ಬಿಗಿದು ಅಳೆಯಿರಿ.

ಗಾಳಿ ಸೋರಿಕೆ ಹುಡುಕುವುದು ತಾಳ್ಮೆಯ ಕೆಲಸ. ಥ್ರಾಟಲ್ ದಾಟಿದ ಮೇಲಿನ ಯಾವುದೇ ಬಿರುಕಿನಿಂದ ಎಂಜಿನ್ ಹೆಚ್ಚುವರಿ ಗಾಳಿಯನ್ನು ಹೀರುತ್ತದೆ; ನಮ್ಮ ಮೆಕ್ಯಾನಿಕ್‌ಗಳು "ಎಲ್ಲಿಯೋ ಏರ್ ಎಳೀತಾ ಉಂಟು ಮಾರಾಯ್ರೆ" ಎನ್ನುವುದು ಇದಕ್ಕೇ. ಬ್ರೇಕ್ ಬೂಸ್ಟರಿನ ಹೋಸ್, ಎಂಜಿನ್ನಿನೊಳಗಿನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವಿನ ಹೋಸ್, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್, ಇಂಜೆಕ್ಟರ್‌ಗಳ ಬುಡದ ರಬ್ಬರ್ ರಿಂಗ್ ಇವು ಸಾಮಾನ್ಯ ಜಾಗಗಳು. ಹೋಸನ್ನು ಮೇಲಿನಿಂದ ನೋಡಿದರೆ ಸಾಲದು, ಬಾಗಿಸಿ ಅಡಿಭಾಗವನ್ನು ನೋಡಬೇಕು. ಬಿಸಿ ತಾಗುವ ಕಡೆಯೇ ಬಿರುಕು ಬಿಡುತ್ತದೆ. ಒಂದು ತುಂಡು ಪೈಪನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಕೂಡುಜಾಗಗಳ ಹತ್ತಿರ ಒಯ್ದರೆ ಸುಯ್ಯೆನ್ನುವ ಸದ್ದು ಕೇಳಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಅಥವಾ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ಪದ್ಧತಿ ಈಗಲೂ ಇದೆ. ಬೆಂಕಿ ಹತ್ತುವ ಅಪಾಯವಿರುವುದರಿಂದ ದಯವಿಟ್ಟು ಅದನ್ನು ಮಾಡಬೇಡಿ, ಮಾಡಲು ಬಿಡಲೂ ಬೇಡಿ. ಹೊಗೆ ಯಂತ್ರವಿರುವ ವರ್ಕ್‌ಶಾಪಿನಲ್ಲಿ ಮ್ಯಾನಿಫೋಲ್ಡಿಗೆ ಹೊಗೆ ತುಂಬಿಸಿದರೆ ಬಿರುಕು ತಾನಾಗಿ ಕಾಣಿಸಿಕೊಳ್ಳುತ್ತದೆ.

ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ತಾನಾಗಿ 1,000ಕ್ಕೂ 1,800ಕ್ಕೂ ನಡುವೆ ಉಯ್ಯಾಲೆಯಾಡುವುದೂ ಹೆಚ್ಚಾಗಿ ಇದೇ ಕಾರಣದಿಂದ. ಸೋರಿಕೆಯ ಗಾಳಿಯಿಂದ ಆರ್‌ಪಿಎಂ ಏರುತ್ತದೆ. ಕಾಲು ತೆಗೆದಿದ್ದರೂ ಎಂಜಿನ್ ಜೋರಾಗಿ ತಿರುಗುತ್ತಿರುವುದನ್ನು ಕಂಡ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಕಾರು ಇಳಿಜಾರಿನಲ್ಲಿ ಉರುಳುತ್ತಿದೆ ಎಂದೆಣಿಸಿ ಇಂಧನವನ್ನು ನಿಲ್ಲಿಸುತ್ತದೆ. ಆರ್‌ಪಿಎಂ ಬಿದ್ದೊಡನೆ ಮತ್ತೆ ಕೊಡುತ್ತದೆ. ಥ್ರಾಟಲ್ ಬಾಡಿಯಲ್ಲಿ ಕಪ್ಪು ಜಿಡ್ಡು ಕಟ್ಟಿದ್ದರೂ ಐಡಲ್, ಅಂದರೆ ಎಕ್ಸಲರೇಟರ್ ಒತ್ತದಿರುವಾಗಿನ ಓಟ, ಹದ ತಪ್ಪುತ್ತದೆ. ಅದನ್ನು ಅದಕ್ಕೆಂದೇ ಇರುವ ಕ್ಲೀನರಿನಿಂದ ತೊಳೆಯಬಹುದು. ಗಾಳಿಯ ಪ್ರಮಾಣ ಅಳೆಯುವ ಎಂಎಎಫ್ ಸೆನ್ಸರ್‌ನ ತಂತಿಯನ್ನು ಮಾತ್ರ ಬಟ್ಟೆಯಿಂದಾಗಲಿ ಬೆರಳಿಂದಾಗಲಿ ಮುಟ್ಟಬಾರದು. ಅದಕ್ಕೆ ಪ್ರತ್ಯೇಕ ಸ್ಪ್ರೇ ಸಿಗುತ್ತದೆ.

ಸ್ಕ್ಯಾನರ್ ಹೇಳುವುದನ್ನು ಓದುವ ಬಗೆ

2013ರ ಬಳಿಕ ತಯಾರಾದ ಹೆಚ್ಚಿನ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ದೋಷಗಳನ್ನು ಓದಲು 16 ಪಿನ್ನುಗಳ ಒಬಿಡಿ ಸಾಕೆಟ್ ಇದೆ. ಅದಕ್ಕೆ ಸಿಕ್ಕಿಸುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಮತ್ತು ಒಂದು ಮೊಬೈಲ್ ಆ್ಯಪ್ ಇದ್ದರೆ ಮನೆಯಲ್ಲಿಯೇ ಸಾಕಷ್ಟು ತಿಳಿಯಬಹುದು. ಅದು ತೋರಿಸುವ ದೋಷದ ಕೋಡ್‌ಗಳಲ್ಲಿ ಪಿ0171 ಎಂದರೆ ಮಿಶ್ರಣದಲ್ಲಿ ಇಂಧನ ಕಡಿಮೆ, ಪಿ0300 ಎಂದರೆ ಸಿಲಿಂಡರ್‌ಗಳು ಅಲ್ಲೊಮ್ಮೆ ಇಲ್ಲೊಮ್ಮೆ ಮಿಸ್ ಹೊಡೆಯುತ್ತಿವೆ (ಇಂಧನ ಸರಿಯಾಗಿ ಉರಿಯುತ್ತಿಲ್ಲ), ಪಿ0121 ಎಂದರೆ ಥ್ರಾಟಲ್ ಸೆನ್ಸರ್‌ನ ಲೆಕ್ಕ ಹೊಂದುತ್ತಿಲ್ಲ, ಪಿ0401 ಎಂದರೆ ಇಜಿಆರ್ ಹರಿವು ಸಾಲದು. ಕೋಡ್ ದೋಷದ ಲಕ್ಷಣವನ್ನು ಹೇಳುತ್ತದೆಯೇ ಹೊರತು ಬದಲಿಸಬೇಕಾದ ಭಾಗವನ್ನಲ್ಲ. ಪಿ0171 ಬಂತೆಂದು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿದವರು ಬಹಳ ಮಂದಿ. ಆದರೆ ಆ ಸೆನ್ಸರ್ ಹೆಚ್ಚಿನ ಸಲ ಇದ್ದ ವಿಷಯವನ್ನು ಇದ್ದಂತೆ ಹೇಳಿರುತ್ತದೆ.

ಕೋಡಿಗಿಂತ ಉಪಯುಕ್ತವಾದದ್ದು ಫ್ಯೂಯೆಲ್ ಟ್ರಿಮ್. ಪೆಟ್ರೋಲಿನ ಒಂದು ಭಾಗಕ್ಕೆ ತೂಕದಲ್ಲಿ 14.7 ಭಾಗ ಗಾಳಿ ಬೇಕು. ಈ ಹದ ತಪ್ಪಿದರೆ ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಇಂಧನವನ್ನು ಹೆಚ್ಚಿಸಿತು ಅಥವಾ ಕಡಿಮೆ ಮಾಡಿತು ಎಂಬುದೇ ಟ್ರಿಮ್. ತತ್ಕಾಲದ ಟ್ರಿಮ್ ಮತ್ತು ದೀರ್ಘಕಾಲದ ಟ್ರಿಮ್ ಎರಡನ್ನೂ ಕೂಡಿಸಿದಾಗ 10ರ ಒಳಗಿದ್ದರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಒಮ್ಮೆ, ಏರು ಹತ್ತುವಾಗ ಒಮ್ಮೆ ಹೀಗೆ ಮೂರು ಕಡೆ ನೋಡಬೇಕು. ಆ್ಯಪ್‌ನಲ್ಲಿ ದಾಖಲಿಸಿಕೊಂಡು ಮನೆಗೆ ಬಂದು ಓದುವುದು ಸುರಕ್ಷಿತ. ಐಡಲ್‌ನಲ್ಲಿ +20 ಇದ್ದು 2,500ರಲ್ಲಿ +5ಕ್ಕೆ ಇಳಿದರೆ ಗಾಳಿ ಸೋರಿಕೆ; ಬಿರುಕಿನಿಂದ ಬರುವ ಗಾಳಿ ಅಷ್ಟೇ ಇದ್ದರೂ ಎಂಜಿನ್ ಹೀರುವ ಒಟ್ಟು ಗಾಳಿ ಹೆಚ್ಚಾದಂತೆ ಅದರ ಪಾಲು ಕಡಿಮೆಯಾಗುತ್ತದೆ. ಐಡಲ್‌ನಲ್ಲಿ ಸೊನ್ನೆಯ ಹತ್ತಿರವಿದ್ದು ಏರಿನಲ್ಲಿ +20ಕ್ಕೆ ಹೋದರೆ ಇಂಧನ ಸಾಲುತ್ತಿಲ್ಲ, ಇಲ್ಲವೇ ಎಂಎಎಫ್ ಸೆನ್ಸರ್ ಗಾಳಿಯನ್ನು ಕಡಿಮೆಯೆಂದು ಲೆಕ್ಕ ಹಾಕುತ್ತಿದೆ. ಎಲ್ಲ ಕಡೆಯೂ ಸರಿಯಿದ್ದು ಜಗ್ಗುತ್ತಿದ್ದರೆ ಮಿಶ್ರಣವನ್ನು ಬಿಟ್ಟು ಇಗ್ನಿಷನ್, ಇಜಿಆರ್, ಥ್ರಾಟಲ್ ಸೆನ್ಸರ್ ಕಡೆ ತಿರುಗಬೇಕು.

ಇಲ್ಲಿ ಒಂದು ಎಚ್ಚರ ಬೇಕು. ನಮ್ಮ ಸಣ್ಣ ಕಾರುಗಳಲ್ಲಿ ಹಲವಕ್ಕೆ ಎಂಎಎಫ್ ಬದಲು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಇರುತ್ತದೆ. ಸೋರಿಕೆಯ ಗಾಳಿಯೂ ಅದರ ಲೆಕ್ಕದೊಳಗೆ ಬರುವುದರಿಂದ ಟ್ರಿಮ್ ಅಷ್ಟಾಗಿ ಏರದೆ ಐಡಲ್ ವೇಗ ಮಾತ್ರ ಏರಬಹುದು. ಎಂಎಪಿ ಸೆನ್ಸರ್ ಪರೀಕ್ಷಿಸಲು ಕಡಲತಡಿಯವರಿಗೆ ಒಂದು ಅನುಕೂಲವಿದೆ: ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿದಾಗ ಅದು ಹೊರಗಿನ ವಾಯುಭಾರವನ್ನೇ, ಅಂದರೆ 100 ಕಿಲೋಪಾಸ್ಕಲ್‌ನ ಆಸುಪಾಸನ್ನು ತೋರಿಸಬೇಕು. ಅದೇ ಕಾರು ಮಡಿಕೇರಿಯ ಎತ್ತರದಲ್ಲಿ ಸುಮಾರು 88 ತೋರಿಸಿದರೆ ತಪ್ಪಲ್ಲ; ಮಂಗಳೂರಿನಲ್ಲಿ 88 ತೋರಿಸಿದರೆ ಸೆನ್ಸರ್ ಅಥವಾ ಅದರ ವೈರ್ ಸರಿಯಿಲ್ಲ. ಬಿಸಿ ಎಂಜಿನ್ ಐಡಲ್‌ನಲ್ಲಿ ಓಡುವಾಗ ಎಸಿ ಆರಿಸಿದ್ದರೆ ಸಾಮಾನ್ಯವಾಗಿ 30ರಿಂದ 40ರೊಳಗೆ ಇರುತ್ತದೆ.

ಥ್ರಾಟಲ್ ಸೆನ್ಸರ್‌ನ ಪರೀಕ್ಷೆ

ಕೇಬಲ್ ಥ್ರಾಟಲ್ ಇರುವ ಕಾರಿನಲ್ಲಿ ಈ ಸೆನ್ಸರ್‌ಗೆ ಮೂರು ವೈರ್‌ಗಳಿರುತ್ತವೆ: 5 ವೋಲ್ಟ್, ಅರ್ತ್ ಮತ್ತು ಸಿಗ್ನಲ್. ಇಗ್ನಿಷನ್ ಹಾಕಿ, ಎಂಜಿನ್ ಚಾಲೂ ಮಾಡದೆ, ಸಿಗ್ನಲ್ ವೈರ್‌ನ ವೋಲ್ಟೇಜನ್ನು ನೋಡುತ್ತ ಥ್ರಾಟಲನ್ನು ಕೈಯಿಂದ ಅತಿ ನಿಧಾನವಾಗಿ ತಿರುಗಿಸಬೇಕು. ಮುಚ್ಚಿದಾಗ ಸುಮಾರು 0.5, ಪೂರ್ತಿ ತೆರೆದಾಗ ಸುಮಾರು 4.5, ನಡುವೆ ಎಲ್ಲಿಯೂ ತಡೆಯಿಲ್ಲದ ಏರಿಕೆ ಇರಬೇಕು. ಇದಕ್ಕೆ ಅಂಕಿ ತೋರಿಸುವ ಮೀಟರಿಗಿಂತ ಮುಳ್ಳಿನ ಹಳೆಯ ಮೀಟರ್ ಮೇಲು, ಏಕೆಂದರೆ ಕ್ಷಣಮಾತ್ರದ ಬೀಳುವಿಕೆಯನ್ನು ಅಂಕಿಯ ಮೀಟರ್ ನುಂಗಿಬಿಡುತ್ತದೆ. ನನ್ನ ಕಾರಿನಲ್ಲಿ ಮುಳ್ಳು 1.1 ವೋಲ್ಟಿನವರೆಗೆ ನಯವಾಗಿ ಏರಿ, ಅಲ್ಲಿ ಮಿಡಿದು ಅರ್ಧದಷ್ಟು ಕೆಳಗೆ ಬಿದ್ದು, ಮತ್ತೆ ಮೇಲೆ ಬಂದು ಮುಂದುವರಿಯಿತು. ಮೂರು ಸಲ ತಿರುಗಿಸಿದರೂ ಅದೇ ಜಾಗ. ಮಂಗಳೂರಿಗೂ ಉಡುಪಿಗೂ ನಡುವೆ ದಿನವೂ ಒಂದೇ ವೇಗದಲ್ಲಿ ಓಡುವ ಕಾರಿನಲ್ಲಿ ಸೆನ್ಸರ್‌ನೊಳಗಿನ ಕಾರ್ಬನ್ ಪಟ್ಟಿ ಆ ಒಂದು ಜಾಗದಲ್ಲಿಯೇ ಸವೆದಿತ್ತು. ಏರಿನಲ್ಲಿ ಪಾದ ಆ ಜಾಗವನ್ನು ದಾಟಿ ಒತ್ತುತ್ತಿದ್ದುದರಿಂದ ಕಾರು ಜಗ್ಗುತ್ತಿರಲಿಲ್ಲ. ಬೀಳುವಿಕೆ ಅತಿ ಚಿಕ್ಕದಾದ್ದರಿಂದ ಚೆಕ್ ಎಂಜಿನ್ ದೀಪವೂ ಹೊತ್ತಿರಲಿಲ್ಲ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಹೊಸ ಕಾರುಗಳಲ್ಲಿ ಎರಡು ಸಿಗ್ನಲ್‌ಗಳು ಒಂದನ್ನೊಂದು ತಾಳೆ ನೋಡುವುದರಿಂದ ಇಂತಹ ದೋಷಕ್ಕೆ ಬೇಗ ಕೋಡ್ ಬೀಳುತ್ತದೆ. ಅಲ್ಲಿ ಥ್ರಾಟಲನ್ನು ಕೈಯಿಂದ ತಿರುಗಿಸಲು ಹೋಗಬಾರದು.

ಇಂಧನ ಮತ್ತು ಇಗ್ನಿಷನ್

ಇಂಧನದ ಒತ್ತಡವನ್ನು ಗೇಜ್ ಹಾಕಿಯೇ ಅಳೆಯಬೇಕು. ಪಂಪಿನ ಸದ್ದು ಕೇಳಿಸುತ್ತದೆ ಎಂಬುದು ಪುರಾವೆಯಲ್ಲ. ಸಾಮಾನ್ಯ ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ಇದು 3ರಿಂದ 4 ಬಾರ್ ಇರುತ್ತದೆ, ಆದರೆ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯ ಅಂಕಿಯೇ ಅಂತಿಮ. ಪೈಪಿನಲ್ಲಿ ಒತ್ತಡದ ಪೆಟ್ರೋಲ್ ಇರುವುದರಿಂದ ಈ ಕೆಲಸವನ್ನು ಅನುಭವಿಗಳಿಗೆ ಬಿಡಿ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಮಿಶ್ರಣಕ್ಕೆ ಹೆಚ್ಚು ಇಂಧನ ಬೇಕು. ಇಂಜೆಕ್ಷನ್ ಕಾರುಗಳು ಇದನ್ನು ಟ್ರಿಮ್ ಮೂಲಕ ಸರಿದೂಗಿಸುತ್ತವೆ, ಹಳೆಯ ಕಾರ್ಬುರೇಟರ್ ಕಾರುಗಳಿಗೆ ಆ ಅವಕಾಶವಿಲ್ಲ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕನ್ನು ಅರೆಬರೆ ಇಡಬಾರದು. ಪೆಟ್ರೋಲ್ ತುಂಬಿಸಿದ ದಿನದಿಂದಲೇ ಜಗ್ಗಾಟ ಶುರುವಾಗಿದ್ದರೆ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ತೆಗೆಸಿ, ಬೆಂಕಿಯಿಂದ ದೂರವಿಟ್ಟು, ಒಂದು ಗಂಟೆ ಬಿಟ್ಟು ನೋಡಿದರೆ ತಳದ ಪದರ ಕಣ್ಣಿಗೆ ಕಾಣುತ್ತದೆ.

ಪ್ಲಗ್ ಬಿಚ್ಚಿದಾಗ ನಾಲ್ಕನ್ನೂ ಸಿಲಿಂಡರ್‌ನ ಕ್ರಮದಲ್ಲಿಯೇ ಸಾಲಾಗಿ ಇಡಿ. ಒಂದರ ಬಣ್ಣ ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರ್‌ನ ಕಾಯಿಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ ಓಡಿಸಿ. ಮಿಸ್ಸಿಂಗ್ ಕಾಯಿಲ್‌ನ ಜೊತೆ ಹೋದರೆ ಕಾಯಿಲ್ ಕೆಟ್ಟಿದೆ.

ಡೀಸೆಲ್ ಕಾರಿನಲ್ಲಿ ದಾರಿ ಬೇರೆ. ಮೊದಲು ಡೀಸೆಲ್ ಫಿಲ್ಟರಿನ ತಳದ ನೀರನ್ನು ಇಳಿಸಿ ನೋಡಬೇಕು, ಆಮೇಲೆ ಪೈಪ್‌ಗಳಲ್ಲಿ ಗಾಳಿಗುಳ್ಳೆಗಳಿವೆಯೆ ಎಂದು ನೋಡಬೇಕು. ಸ್ಕ್ಯಾನರ್‌ನಲ್ಲಿ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ರೈಲಿನಲ್ಲಿ ಇಸಿಯು ಬಯಸಿದ ಒತ್ತಡವನ್ನೂ ನಿಜವಾಗಿ ಬಂದ ಒತ್ತಡವನ್ನೂ ಒಟ್ಟಿಗೆ ನೋಡಿದಾಗ ಎರಡನೆಯದು ಮೊದಲನೆಯದರ ಸುತ್ತ ಏರಿಳಿಯುತ್ತಿದ್ದರೆ ಪಂಪಿನ ಮೇಲಿನ ನಿಯಂತ್ರಣ ವಾಲ್ವನ್ನು ಸಂಶಯಿಸಬೇಕು. ಟರ್ಬೊದಿಂದ ಬರುವ ದೊಡ್ಡ ಹೋಸ್ ಸೀಳಿದ್ದರೆ ಕಪ್ಪು ಹೊಗೆಯೂ ಜೊತೆಗಿರುತ್ತದೆ.

ದುರಸ್ತಿಯ ನಂತರ

ಗ್ಯಾರೇಜಿನ ಅಂಗಳದಲ್ಲಿ ಎಂಜಿನ್ ರೇಸ್ ಮಾಡಿ "ಸರಿಯಾಯಿತು" ಎಂದರೆ ಒಪ್ಪಬೇಡಿ. ಬ್ಯಾಟರಿ ಬಿಚ್ಚಿದ್ದರೆ ಅಥವಾ ಥ್ರಾಟಲ್ ತೊಳೆದಿದ್ದರೆ ಐಡಲ್ ಹದಕ್ಕೆ ಬರಲು ಇಸಿಯುಗೆ ಸ್ವಲ್ಪ ಓಟ ಬೇಕು, ಕೆಲವು ಕಾರುಗಳಲ್ಲಿ ಸ್ಕ್ಯಾನರಿನಿಂದ ಮರುಹೊಂದಿಸಬೇಕಾಗುತ್ತದೆ. ಬಳಿಕ ಮೊದಲು ಬರೆದುಕೊಂಡಿದ್ದ ರಸ್ತೆಯಲ್ಲಿಯೇ, ಅದೇ ಗೇರ್, ಅದೇ ಆರ್‌ಪಿಎಂ, ಎಸಿ ಒಮ್ಮೆ ಹಾಕಿ ಒಮ್ಮೆ ಆರಿಸಿ ಓಡಿಸಬೇಕು. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆದುಕೊಳ್ಳಿ. ನಾನು ಹೊಸ ಸೆನ್ಸರ್ ಹಾಕಿಸಿದ ಮರುದಿನ ಮೂಲ್ಕಿಯಿಂದ ಪಡುಬಿದ್ರಿಯವರೆಗೆ ನಾಲ್ಕನೆಯ ಗೇರಿನಲ್ಲಿ 2,200 ಆರ್‌ಪಿಎಂ ಹಿಡಿದು ಓಡಿಸಿದೆ, ಮುಳ್ಳು ಅಲುಗಲಿಲ್ಲ. ಒಂದು ವಾರ ಬಿಟ್ಟು ಮತ್ತೆ ಟ್ರಿಮ್ ನೋಡಿದಾಗ ಮೂರೂ ಕಡೆ 5ರ ಒಳಗೇ ಇತ್ತು.